ಬೀ ಕಲುಂದೆಗಿದ್ದ ಬೈಯುವ ಹಕ್ಕು

ನನ್ನ ಅಪ್ಪ ತೀರಿಕೊಂಡ ದಿನ ಬೀ ಕಲುಂದೆ ಅವನ ಬಿಳಿ ನಿಲುವಂಗಿ ತೊಟ್ಟು, ಅವನ ಟೋಪಿ ಇಟ್ಟುಕೊಂಡು, ಅವನ ಹಾಗೇ ಎಡಗಾಲು ಎಳೆಯುತ್ತಾ ನಮ್ಮ ಅಂಗಳಕ್ಕೆ ಬಂದಳು. ಒಳಗೆ ಅಪ್ಪನ ಮೈ ತೊಳೆಯುತ್ತಿದ್ದರು. ಇವಳು ಹೊರಗೆ ನಿಂತು ಅಪ್ಪನ ದನಿಯಲ್ಲಿ, "ಯಾರದು ನನ್ನ ತೆಂಗಿನಮರಗಳನ್ನ ಈಗ್ಲೇ ಪಾಲು ಹಾಕ್ತಿರೋದು? ನಾನಿನ್ನೂ ಮನೇಲೇ ಇದೀನಿ," ಎಂದಳು. ಬೆಳಗಿನಿಂದ ಗುಟುಕು ನೀರು ಮುಟ್ಟದೆ ಗೋಡೆಗೆ ಒರಗಿದ್ದ ನನ್ನ ಅಮ್ಮ ಮುಖ ಮುಚ್ಚಿಕೊಂಡಳು, ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆವು. ನೋಡಿದರೆ ನಗುತ್ತಿದ್ದಳು. ನಕ್ಕ ಮೇಲೆ ಕುಡಿಯಲು ನೀರು ಕೇಳಿದಳು.

ಇದನ್ನು ಕೇಳಿ ಹುಬ್ಬು ಗಂಟಿಕ್ಕುವವರಿಗೆ ಉತಾನಿ ಎಂದರೇನೆಂದು ಗೊತ್ತಿಲ್ಲ, ಅವರ ಪಾಡಿಗೆ ಅವರಿರಲಿ. ನಾವು ಕಡಲ ದಂಡೆಯ ಬಾಗಮೋಯೊದ ಜರಾಮೊ ಕುಲದವರು. ನಾವು ಗೌರವಕ್ಕೆ ಬೀ ಅನ್ನುವ ಕಲುಂದೆ ಒಳನಾಡಿನ ಟಬೋರಾ ಕಡೆಯ ನ್ಯಾಮ್ವೇಜಿ ಕುಲದವಳು. ಅವಳ ಮುತ್ತಜ್ಜಂದಿರು ಆನೆದಂತ ಹೊತ್ತು ತಿಂಗಳುಗಟ್ಟಲೆ ನಡೆದು ನಮ್ಮ ಕಡಲಿಗೆ ಬರುತ್ತಿದ್ದರು. ನಮ್ಮ ಮುತ್ತಜ್ಜಂದಿರು ಅವರಿಗೆ ಎಳನೀರು ಕೊಟ್ಟು, ಬೈದು, ಬೈಸಿಕೊಂಡು, ಕೊನೆಗೆ ನಂಟು ಬೆಳೆಸಿದರು. ಅಂದಿನಿಂದ ಎರಡು ಕುಲಕ್ಕೂ ಉತಾನಿ. ಅವರು ನಮ್ಮನ್ನು ಏನು ಬೇಕಾದರೂ ಅನ್ನಬಹುದು, ನಮ್ಮ ಮನೆಯಿಂದ ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು. ನಾವೂ ಅಷ್ಟೇ. ಸಿಟ್ಟಾಗುವಂತಿಲ್ಲ. ಸಾವಿನ ಮನೆಗೆ ಅವರೇ ಮೊದಲು ಬಂದು ನೀರು ಹೊರಬೇಕು, ಪಾತ್ರೆ ತಿಕ್ಕಬೇಕು, ಸತ್ತವನನ್ನು ಅಣಕಿಸಬೇಕು, ಮನೆಯವರನ್ನು ನಗಿಸಬೇಕು. ಅವರು ಮಾತ್ರ ಅಳಬಾರದು.

ಕಲುಂದೆ ನಮ್ಮೂರಿಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಗಂಡ ಮಿಹಾಂಬೊಗೆ ಇಲ್ಲಿನ ಉಪ್ಪಿನಗದ್ದೆಯಲ್ಲಿ ಕೆಲಸ ಸಿಕ್ಕಿತ್ತು. ಲಾರಿಯಿಂದ ಇಳಿದು ಅವಳಿನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ, ನನ್ನ ಅಮ್ಮ ಹೋಗಿ ಅವಳ ಹೊಸ ಪಾತ್ರೆ ಎತ್ತಿಕೊಂಡು, "ಬಾರೇ ನನ್ನ ಆಳೇ, ಹೊರೆ ಹೊತ್ತು ಸುಸ್ತಾಯ್ತಾ?" ಎಂದು ನಡೆದೇಬಿಟ್ಟಳು. ಹೊಸ ಹುಡುಗಿ ಒಂದು ಗಳಿಗೆ ಬೆಪ್ಪಾಗಿ ನಿಂತಳು. ಆಮೇಲೆ ಸೀದಾ ನಮ್ಮ ಮನೆಗೆ ಬಂದು, ಕಟ್ಟಿದ್ದ ಆಡನ್ನು ಬಿಚ್ಚಿ, ಅದರ ಕಿವಿ ಹಿಡಿದುಕೊಂಡು ಹೊರಟಳು. "ಕೂಲಿಗೆ ಇದು ಸಾಕು, ಯಜಮಾನ್ತಿ," ಎಂದಳು. ಆಡು ವಾಪಸು ಬರಲು ಎರಡು ದಿನ ಹಿಡಿಯಿತು, ಪಾತ್ರೆ ಅವಳಿಗೆ ಇವತ್ತಿಗೂ ಸಿಕ್ಕಿಲ್ಲ. ಅಮ್ಮನಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು.

ಆಮೇಲೆ ಅವಳು ಮೀನಿನ ಹರಾಜುಕಟ್ಟೆಯ ಪಕ್ಕ ತಗಡಿನ ಚಪ್ಪರ ಹಾಕಿ ಮೀನು ಹುರಿಯತೊಡಗಿದಳು. ಅದರೆದುರಿಗೇ ನನ್ನ ಕಾಫಿ ಬೆಂಚು. ನಾನು ಕಿಬ್ವಾನ, ಹಿತ್ತಾಳೆ ಹೂಜಿಯ ಕಿಬ್ವಾನ ಅಂದರೆ ಬಾಗಮೋಯೊದಲ್ಲಿ ಎಲ್ಲರಿಗೂ ಗೊತ್ತು. ಬೆಂಚಿನ ಮೇಲೆ ನಮ್ಮ ಜರಾಮೊ ಗಂಡಸರು ಬೆಳಗಿನಿಂದ ಕೂತು ದೇಶ ನಡೆಸುತ್ತಾರೆ. ಕಲುಂದೆ ಅತ್ತಲಿಂದ ಬಾಣಲೆಯಲ್ಲಿ ಮೀನು ಮಗುಚುತ್ತಾ ನಮ್ಮನ್ನೂ ಮಗುಚುತ್ತಾಳೆ. "ಜರಾಮೊ ಗಂಡಸು ತೆಂಗಿನ ಸಸಿ ನೆಟ್ಟು, ಅದು ಮರ ಆಗೋ ತನಕ ಅದರ ಬುಡದಲ್ಲೇ ಮಲಗಿರ್ತಾನೆ. ಕಾಯಿ ತಲೆ ಮೇಲೆ ಬಿದ್ರೆ ಆಗ ಎದ್ದು, ಸುಗ್ಗಿ ಬಂತು ಅಂತಾನೆ." ನಾವು ಬಿಡುತ್ತೇವೆಯೇ? ಅವಳ ಊರಿನ ಒಣಗೆಣಸು, ಅವಳ ಅಜ್ಜನ ಬೋಳುತಲೆ, ಎಲ್ಲವೂ ನಮ್ಮ ಬಾಯಲ್ಲಿ ಹಾಯಾಗಿ ಓಡಾಡಿಕೊಂಡಿರುತ್ತವೆ.

ಆದರೆ ಉತಾನಿ ಇಲ್ಲದವರ ಮುಂದೆ ಅವಳ ನಾಲಿಗೆಯೇ ಬೇರೆ. ಕಿಲಿಮಂಜಾರೊ ಕಡೆಯ ಚಗ್ಗಾ ಕುಲದ ಅಂಗಡಿಯವನು ಬಂದರೆ, "ಸ್ವಾಮಿ, ನಿಂಬೆಹಣ್ಣು ಹಿಂಡಲೇ?" ಎನ್ನುವಳು. ಹಾಯಾ ಕುಲದ ಮೇಷ್ಟ್ರ ಮುಂದಂತೂ ತಲೆ ಎತ್ತುತ್ತಿರಲಿಲ್ಲ. ಯಾರು ಯಾವ ಕುಲ, ಯಾರಿಗೆ ಏನು ಅನ್ನಬಹುದು ಎಂಬುದರಲ್ಲಿ ಅವಳು ಒಮ್ಮೆಯೂ ತಪ್ಪಿದವಳಲ್ಲ, ಅದೇ ಅವಳ ಹೆಮ್ಮೆ. "ಹಕ್ಕಿಲ್ದೋರನ್ನ ಬೈಯೋದು ಅಂದ್ರೆ ಕಳ್ಳತನ ಕಣೋ ಕಿಬ್ವಾನ," ಎನ್ನುತ್ತಿದ್ದಳು. "ನಾನು ಬಡವಿ ಇರ್ಬೋದು, ಕಳ್ಳಿ ಅಲ್ಲ."

ಈಗ ಸೂದಿಯ ವಿಷಯಕ್ಕೆ ಬರುತ್ತೇನೆ. ಬರದೆ ಗತಿಯಿಲ್ಲ.

ಸೂದಿ ದೋಣಿಗಳ ಹಾಯಿ ಹೊಲಿಯುವವನು. ದಕ್ಷಿಣದ ಲಿಂಡಿ ಕಡೆಯವನು, ಕುಲದಲ್ಲಿ ಮ್ವೇರಾ. ಹೆಂಡತಿ ತೀರಿಕೊಂಡ ಮೇಲೆ ಆ ಊರಿನಲ್ಲಿರಲಾರದೆ ಒಂದು ಸೂಜಿಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದಿದ್ದ. ಬಂದ ಹೊಸದರಲ್ಲಿ ಯಾರೊಂದಿಗೂ ಬೆರೆಯಲಿಲ್ಲ. ಒಂದು ದಿನ ಕಲುಂದೆಯ ಹತ್ತಿರ ಮೀನು ಕೊಂಡು, ಒಂದು ಚೂರು ಬಾಯಿಗಿಟ್ಟು, ಉಪ್ಪು ಸಾಲದು ಎಂದ. ಗಂಡ ಉಪ್ಪಿನಗದ್ದೆಯಲ್ಲಿ ಬೇಯುತ್ತಿರುವ ಹೆಂಗಸಿಗೆ ಈ ಮಾತು.

"ಇದನ್ನ ಜರಾಮೊ ಬಿಟ್ರೆ ಬೇರೆ ಯಾರೂ ಅನ್ನಲ್ಲ," ಎಂದಳು ಕಲುಂದೆ. "ಕಡಲೊಳಗೆ ಕೂತು ಉಪ್ಪಿಲ್ಲ ಅನ್ನೋ ಜಾತಿ ನಿಮ್ಮದು. ನೀನು ಜರಾಮೊ ತಾನೇ?"

ನಾವು ಬೆಂಚಿನ ಮೇಲಿದ್ದವರು ಕಿವಿ ನಿಮಿರಿಸಿದೆವು. ಸೂದಿ ಮೀನಿನಿಂದ ತಲೆಯೆತ್ತಿ ಅವಳ ಮುಖ ನೋಡಿದ. ಆಮೇಲೆ, "ಹೌದು," ಎಂದ.

"ಹಂಗಾದ್ರೆ ಇಲ್ಲೇ ಕೂತ್ಕೋ, ದಾರಿಗೆ ಅಡ್ಡ ನಿಂತು ಗಿರಾಕಿ ಓಡಿಸ್ಬೇಡ," ಎಂದು ಅವಳು ತನ್ನ ಮಣೆಯನ್ನೇ ಕಾಲಿನಿಂದ ಅವನತ್ತ ತಳ್ಳಿದಳು.

ನಮಗೆ ಹಬ್ಬವೇ ಆಯಿತು. ಯಾರ ಕುಲ ಗುರುತಿಸುವುದರಲ್ಲೂ ತಪ್ಪದ ಕಲುಂದೆ ತಪ್ಪಿದ್ದಳು. ಹೇಳಿಬಿಟ್ಟರೆ ಒಂದು ದಿನದ ನಗು, ಹೇಳದಿದ್ದರೆ ದಿನದಿನವೂ ನಗು. ರಂಜಾನ್ ಹಬ್ಬದ ದಿನ ಹೇಳೋಣ ಎಂದು ಬೆಂಚಿನ ಮೇಲೆ ತೀರ್ಮಾನವಾಯಿತು. ಹಬ್ಬ ಬಂತು, ಹೋಯಿತು. ಮುಂದಿನ ಹಬ್ಬಕ್ಕೆ ಎಂದೆವು. ಹೀಗೆ ಮುಂದೆ ಹಾಕುವುದರಲ್ಲಿ ನಮ್ಮ ಕುಲಕ್ಕೆ ಸರಿಸಮಾನರಿಲ್ಲ. ಇಪ್ಪತ್ತೆಂಟು ವರ್ಷ ಮುಂದೆ ಹಾಕಿದೆವು.

ಆ ಇಪ್ಪತ್ತೆಂಟು ವರ್ಷ ಕಲುಂದೆ ದಿನಾ ಬೆಳಿಗ್ಗೆ ಸೂದಿಯನ್ನು ಬೈದೇ ಒಲೆ ಹಚ್ಚುತ್ತಿದ್ದಳು. ಅವನ ಹೊಲಿಗೆ ನೋಡಿ ಗಾಳಿಗೆ ನಾಚಿಕೆಯಾಗುತ್ತದೆ, ಅವನ ಹಾಯಿ ಕಟ್ಟಿದ ದೋಣಿ ಜಂಜಿಬಾರಿಗೆ ಹೊರಟರೆ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ, ಹೀಗೆ. ಪಾಪ ಸೂದಿಗೆ ತಕ್ಷಣ ಉತ್ತರ ಹೊಳೆಯುತ್ತಿರಲಿಲ್ಲ. ಜರಾಮೊ ಆಗಿ ಹುಟ್ಟಿದ್ದರೆ ತಾನೇ? ಸಂಜೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದ: "ಕಿಬ್ವಾನ, ಅವಳು ಹಿಂಗಂದ್ಳು. ನಿಮ್ಮೋರು ಇದಕ್ಕೆ ಏನಂತಾರೆ?" ನಾನು ಹೇಳಿಕೊಡುತ್ತಿದ್ದೆ. ಅವನು ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡುತ್ತಿದ್ದ. ಮರುದಿನ ಅವಳ ಮುಂದೆ ನಿಂತು, "ನಿನ್ನೆ ನೀನು ಅಂದ್ಯಲ್ಲ, ಅದಕ್ಕೆ ಹೇಳ್ತೀನಿ ಕೇಳು," ಎಂದು ಶುರುಮಾಡಿ, ಅರ್ಧಕ್ಕೆ ಮರೆತು, ನನ್ನ ಮುಖ ನೋಡುತ್ತಿದ್ದ.

"ಇಂಥ ಮಂದಬುದ್ಧಿ ಜರಾಮೊನ್ನ ನಾನು ಎಲ್ಲೂ ಕಂಡಿಲ್ಲ," ಎನ್ನುವಳು ಕಲುಂದೆ. "ಬೈಗುಳಾನೂ ಸಾಲ ತರ್ತಾನೆ."

ಬೆಂಚು ಬಿದ್ದು ಬಿದ್ದು ನಗುತ್ತಿತ್ತು. ಸೂದಿಯೂ ನಗುತ್ತಿದ್ದ. ಶುಕ್ರವಾರದ ನಮಾಜು ಮುಗಿಸಿ ಬಂದವನು ಅವಳ ಬಾಣಲೆಯಿಂದ ಹಕ್ಕಿನಿಂದ ಒಂದು ಮೀನು ಎತ್ತಿಕೊಂಡು ಓಡುವ ಹಾಗೆ ಮಾಡುತ್ತಿದ್ದ, ಅವಳು ಸಟ್ಟುಗ ಹಿಡಿದು ಅಟ್ಟಿಸುವ ಹಾಗೆ ಮಾಡುತ್ತಿದ್ದಳು. ಇಬ್ಬರಿಗೂ ಮೊಣಕಾಲು ನೋವು, ಆದರೂ ಬಿಟ್ಟವರಲ್ಲ. ಮಿಹಾಂಬೊ ತೀರಿಕೊಂಡಾಗ ನಾವೆಲ್ಲ ಹೋಗಿ ಅವನನ್ನು ಮನಸಾರೆ ಅಣಕಿಸಿದೆವು. ಸೂದಿ ಒಬ್ಬನೇ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡ. ಜರಾಮೊ ಆದವನು ಅಲ್ಲಿ ಅಳಬಾರದು ಎಂಬುದನ್ನು ಅವನಿಗೆ ಹೇಳಿಕೊಡಲು ನಾನು ಮರೆತಿದ್ದೆ. ಕಲುಂದೆ ಆಗಲೂ ಅನುಮಾನಪಡಲಿಲ್ಲ. "ಹೊಗೆ ಕಣ್ಣಿಗೆ ಹೋಗಿರ್ಬೇಕು, ಅದಕ್ಕೂ ಕದಲೋಕಾಗಲ್ಲ ಇವನಿಗೆ," ಎಂದಳು.

ಕಳೆದ ವರ್ಷ, ದೊಡ್ಡ ಮಳೆ ಶುರುವಾಗುವ ಮುಂಚೆ, ಸೂದಿ ಹೊಲಿಯುತ್ತಿದ್ದ ಹಾಯಿಯ ಮೇಲೇ ಒರಗಿದವನು ಮತ್ತೆ ಏಳಲಿಲ್ಲ. ನಾನೇ ಹೋಗಿ ಕಲುಂದೆಗೆ ಹೇಳಿದೆ. ಅವಳು ಬಾಣಲೆ ಇಳಿಸಿ ಒಲೆಗೆ ನೀರು ಹೊಯ್ದಳು. "ಅರ್ಧ ಹಾಯಿ ಬಿಟ್ಟು ಹೋದ್ನಾ? ಕೆಲಸಗಳ್ಳ," ಎಂದಳು. ಅಷ್ಟೇ. ಮೀನು ಬಂದ ದಿನ ಅವಳ ಒಲೆ ಆರಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಲಿಂಡಿಯಿಂದ ಅವನ ತಮ್ಮಂದಿರು ಬರುವ ತನಕ ದಫನ ನಿಲ್ಲಿಸಿದೆವು. ಎದೆಯೊಳಗೆ ಅಳುಕು ಇತ್ತು, ಸುಳ್ಳು ಹೇಳುವುದಿಲ್ಲ. ಅವರು ಬರುವ ಮುಂಚೆ ಕಲುಂದೆಗೆ ನಿಜ ಹೇಳಿಬಿಡಬೇಕು ಎಂದು ಬೆಂಚಿನವರೆಲ್ಲ ಒಪ್ಪಿದರು. ನೀನು ಹೇಳು, ನೀನು ಹೇಳು ಎನ್ನುವುದರಲ್ಲಿ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಅವಳು ಹತ್ತು ಬಿಂದಿಗೆ ನೀರು ಹೊತ್ತು, ಅನ್ನದ ಹಂಡೆ ತಳ ಕಿತ್ತುಬರುವ ಹಾಗೆ ತಿಕ್ಕಿ, ಸೂದಿಯ ಹಳೆಯ ಕೋಟು ತೊಟ್ಟು, ಅವನ ಸೂಜಿ ಕಿವಿಗೆ ಸಿಕ್ಕಿಸಿಕೊಂಡು, ಮಸೀದಿಯಿಂದ ತಂದಿಟ್ಟಿದ್ದ, ಹೆಣ ಹೊರುವ ಜನಾಜದ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟಿದ್ದಳು. ಮನೆಯವರು ಕಾಣಿಕೆ ಕೊಡುವ ತನಕ ಏಳದಿರುವುದೂ ಉತಾನಿಯ ಹಕ್ಕೇ. "ಸೂದಿಗೆ ನಡೆದು ಹೋಗೋಕೆ ಹೇಳಿ," ಎಂದಳು. "ಬದುಕಿರೋವಾಗ ಒಂದು ಹೆಜ್ಜೆ ಜೋರಾಗಿ ಇಟ್ಟೋನಲ್ಲ, ಈಗಲಾದ್ರೂ ಇಡ್ಲಿ." ಅಂಗಳ ನಗುತ್ತಿತ್ತು. ಆಗಲೇ ತಮ್ಮಂದಿರು ಮೂವರು ಬಸ್ಸಿನ ಧೂಳು ಮೆತ್ತಿಕೊಂಡು ಒಳಗೆ ಬಂದರು.

ಮುಂದಿದ್ದವನ ಹೆಸರು ಬುರುಹಾನಿ, ಸೂದಿಯ ಬೆನ್ನಿಗೆ ಹುಟ್ಟಿದವನು. ಅವನು ಮಂಚದ ಹತ್ತಿರ ಬಂದು ಗಕ್ಕನೆ ನಿಂತ. "ಯಾರಿದು? ನಮ್ಮಣ್ಣನ ಕೋಟು ಇವಳ ಮೈಮೇಲೆ ಯಾಕಿದೆ?"

ಕಲುಂದೆ ಕಣ್ಣು ತೆರೆಯಲಿಲ್ಲ. "ಬಂದ್ಯಾ ತಮ್ಮ? ಜರಾಮೊ ಅಂದ್ರೆ ಹಿಂಗೇ, ಸಾವಿಗೆ ತಡ, ಊಟಕ್ಕೆ ಸರಿಯಾಗಿ ಬರ್ತಾನೆ. ಒಂದು ಹುಂಜ ತಂದಿಡು, ಎದ್ದೇಳ್ತೀನಿ."

"ಯಾವ ಜರಾಮೊ? ನಾವು ಮ್ವೇರಾದವರು. ನಮ್ಮಣ್ಣಾನೂ ಮ್ವೇರಾ."

"ಚೆನ್ನಾಗಿದೆ. ಇನ್ನೊಂದು ಹೇಳು."

ಬುರುಹಾನಿ ತಮ್ಮಂದಿರತ್ತ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದ, ಅವರೂ ಅದೇ ಭಾಷೆಯಲ್ಲಿ ಅಳುತ್ತಾ ಉತ್ತರಿಸಿದರು. ಕಲುಂದೆ ಒಂದು ಕಣ್ಣು ತೆರೆದಳು. ಆಮೇಲೆ ಎರಡೂ. ಎದ್ದು ಕೂತಳು.

"ಸತ್ತ ಮನುಷ್ಯನ ಮಂಚದ ಮೇಲೆ ಮಲಗಿ ಅವನನ್ನ ಬೈತೀಯಲ್ಲ, ನೀನು ಅವನಿಗೆ ಏನಾಗ್ಬೇಕು?" ಎಂದ ಬುರುಹಾನಿ. "ಯಾವ ಹಕ್ಕಿದೆ ನಿನಗೆ? ಊರ ಹಿರಿಯರನ್ನ ಕರೀರಿ. ಇದನ್ನ ನಾನು ಹಿಂಗೇ ಬಿಡಲ್ಲ."

ಕಲುಂದೆ ನನ್ನತ್ತ ನೋಡಿದಳು. ನಾನು ಕೈಬಿಡುವುದಿಲ್ಲ ಎಂದು ಪೂರ್ತಿ ನಂಬಿದ ಕಣ್ಣು. "ಹೇಳೋ ಕಿಬ್ವಾನ ಇವರಿಗೆ. ಸೂದಿ ಜರಾಮೊ ತಾನೇ?"

"ಅಲ್ಲ ಅಕ್ಕ," ಎಂದೆ.

"ಯಾವತ್ತಿಂದ ಗೊತ್ತು ನಿಂಗೆ?"

"ಮೊದಲನೇ ದಿನದಿಂದ."

"ಇನ್ಯಾರಿಗೆ ಗೊತ್ತು?"

ನಾನು ಬೆಂಚಿನವರತ್ತ ನೋಡಿದೆ. ಎಲ್ಲರೂ ನೆಲ ನೋಡುತ್ತಿದ್ದರು. ಅವಳಿಗೆ ಅದೇ ಉತ್ತರವಾಯಿತು.

ನಮ್ಮನ್ನು ಬೈಯುತ್ತಾಳೆ, ಸಟ್ಟುಗ ತೆಗೆದುಕೊಂಡು ಬಾರಿಸುತ್ತಾಳೆ ಅಂದುಕೊಂಡೆ. ಹಾಗೆ ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಮಂಚದಿಂದ ಇಳಿದು, ಕೋಟು ಕಳಚಿ, ಮಡಿಕೆ ಸರಿಮಾಡಿ, ಕಿವಿಯ ಸೂಜಿಯನ್ನು ಅದಕ್ಕೆ ಚುಚ್ಚಿ, ಎರಡೂ ಕೈಯಿಂದ ಬುರುಹಾನಿಗೆ ಕೊಟ್ಟಳು. "ತಪ್ಪಾಯ್ತು ಸ್ವಾಮಿ," ಎಂದಳು, ಚಗ್ಗಾ ಅಂಗಡಿಯವನಿಗೆ ಹೇಳುವ ದನಿಯಲ್ಲಿ. "ಜರಾಮೊನಾ ಅಂತ ಕೇಳ್ದೆ, ಹೌದು ಅಂದ, ನಂಬಿದೆ. ನನಗೆ ಹಕ್ಕಿರ್ಲಿಲ್ಲ. ಇಪ್ಪತ್ತೆಂಟು ವರ್ಷ ದಾರೀಲಿ ಹೋಗೋ ಮನುಷ್ಯನ್ನ ಬೈದ್ಬಿಟ್ಟೆ. ಹಿರಿಯರು ಏನು ದಂಡ ಹಾಕಿದ್ರೂ ತಲೆಬಾಗ್ತೀನಿ."

ಆಮೇಲೆ ಹೋಗಿ ಹೆಂಗಸರ ನಡುವೆ ಕೂತಳು. ಕೂತು, ಕಂಗಾ ಬಟ್ಟೆಯ ಸೆರಗನ್ನು ತಲೆಮೇಲೆ ಎಳೆದುಕೊಂಡು ಅಳತೊಡಗಿದಳು. ನನ್ನ ಅಪ್ಪನ ಸಾವಿನಲ್ಲಿ ಅಳದವಳು, ತನ್ನನ್ನು ಮಗಳ ಹಾಗೆ ನೋಡಿದ ನನ್ನ ಅಮ್ಮನನ್ನು ಮಣ್ಣಿಗೆ ಕಳಿಸಿಕೊಡುವಾಗಲೂ ಅವಳ ಹಲ್ಲುಸೆಟ್ಟು ಹಿಡಿದು ಅಣಕಿಸಿ ನಮ್ಮನ್ನು ನಗಿಸಿದವಳು, ಈಗ ತಡೆಯಿಲ್ಲದೆ ಅಳುತ್ತಿದ್ದಳು. ಉತಾನಿಯ ಸಂಬಂಧವಿಲ್ಲದವಳು ಅಂದ ಮೇಲೆ ಅಳಲು ಯಾವ ಅಡ್ಡಿಯೂ ಇರಲಿಲ್ಲವಲ್ಲ.

ಬುರುಹಾನಿ ಕೋಟು ಹಿಡಿದುಕೊಂಡು ನಿಂತೇ ಇದ್ದ. ಅವನ ಸಿಟ್ಟಿಗೆ ಈಗ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ನನ್ನ ಹತ್ತಿರ ಬಂದು ಕೇಳಿದ: "ನಮ್ಮಣ್ಣ ಸುಳ್ಳು ಹೇಳೋನಲ್ಲ. ಇದೊಂದು ಸುಳ್ಳು ಯಾಕೆ ಹೇಳಿದ?"

ಬಂದ ಹೊಸದರಲ್ಲಿ ಸೂದಿ ಯಾರೊಂದಿಗೂ ಬೆರೆಯಲಿಲ್ಲ ಎಂದು ಮೇಲೆ ಹೇಳಿದೆನಲ್ಲ, ಅದು ನಿಜವಲ್ಲ. ಬೆರೆಯದಿದ್ದವರು ನಾವು. ನಮ್ಮವನೊಬ್ಬ ಮಾಡುತ್ತಿದ್ದ ಹಾಯಿಯ ಕೆಲಸವನ್ನು ದೋಣಿ ಮಾಲೀಕರು ಈ ಹೊರಗಿನವನಿಗೆ ಕೊಟ್ಟರೆಂದು ನಮಗೆ ಹೊಟ್ಟೆಯುರಿ. ಅವನೊಂದಿಗೆ ಯಾರೂ ಮಾತಾಡಕೂಡದು ಎಂದು ಬೆಂಚಿನ ಮೇಲೆ ತೀರ್ಮಾನ ಮಾಡಿದ್ದೆವು. ಆ ತೀರ್ಮಾನವನ್ನು ಮಾತ್ರ ನಾವು ಮುಂದೆ ಹಾಕಲಿಲ್ಲ. ಅವನು ದಿನಾ ಬಂದು ಬೆಂಚಿನ ತುದಿಯಲ್ಲಿ ನಿಲ್ಲುತ್ತಿದ್ದ. ನಾವು ಯಾರೂ ಸರಿದು ಜಾಗ ಕೊಡುತ್ತಿರಲಿಲ್ಲ. ನಾನು ಅವನ ಪಕ್ಕದವನಿಗೆ ಕಾಫಿ ಬಗ್ಗಿಸಿ ಅವನನ್ನು ದಾಟಿ ಹೋಗುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಸೂದಿಯೇ ನನಗೆ ಇದನ್ನು ನೆನಪಿಸಿದ್ದ, ಬೇಸರವಿಲ್ಲದೆ, ಬೇರೆ ಯಾರದೋ ಕಥೆ ಎಂಬಂತೆ. "ಅವತ್ತು ಅವಳು ಬೈದ್ಲಲ್ಲ ಕಿಬ್ವಾನ, ಮೂರು ವಾರದಲ್ಲಿ ನನ್ನ ಮುಖ ನೋಡಿ ಒಬ್ರು ಮಾತಾಡಿದ್ದು ಅದೇ ಮೊದಲು. ಜರಾಮೊನಾ ಅಂದ್ಳು. ಇಲ್ಲ ಅಂದಿದ್ರೆ ಮಾತು ಅಲ್ಲಿಗೇ ನಿಂತೋಗ್ತಿತ್ತು. ಹೌದು ಅಂದೆ."

ಇದನ್ನೆಲ್ಲ ನಾನು ಬುರುಹಾನಿಗೆ ಹೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದೆ. ಹೇಳಿ ಮುಗಿಸಿ ನೋಡಿದರೆ ಕಲುಂದೆಯ ಅಳು ನಿಂತಿತ್ತು. ಸೆರಗು ಸರಿಸಿ ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು.

"ನನಗೆ ಮೋಸ ಮಾಡಿದ್ರಲ್ಲ, ಅದು ಬಿಡು," ಎಂದಳು. "ನೀವು ಜರಾಮೊ, ನಾನು ನ್ಯಾಮ್ವೇಜಿ, ಅದಕ್ಕೆ ನಿಮಗೆ ಹಕ್ಕಿದೆ. ಆ ಮೂರು ವಾರ ಅವನ್ನ ಯಾಕ್ರೋ ಮಾತಾಡಿಸ್ಲಿಲ್ಲ? ಅದಕ್ಕೆ ಯಾವ ಹಕ್ಕಿತ್ತು ನಿಮಗೆ?"

ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ.

ಬುರುಹಾನಿ ಹೆಂಗಸರ ಗುಂಪಿನ ಅಂಚಿನ ತನಕ ನಡೆದು ಹೋಗಿ ಅವಳೆದುರು ಕುಕ್ಕರಗಾಲಲ್ಲಿ ಕೂತ. "ಅಕ್ಕ," ಎಂದ. ಆಮೇಲೆ ಮಾತು ಹುಡುಕಿದ. ಸೂದಿಯ ತಮ್ಮನೇ ಸರಿ, ಮಾತು ಬೇಗ ಬರುವುದಿಲ್ಲ. "ಅಕ್ಕ, ನಮ್ಮಣ್ಣ ನಿಮಗೆ ಹೌದು ಅಂದಿದ್ದಾನೆ. ಅದನ್ನ ಇಲ್ಲ ಅನ್ನೋಕೆ ನಾನ್ಯಾರು? ಬನ್ನಿ, ಎಲ್ಲಿಗೆ ನಿಲ್ಸಿದ್ರೋ ಅಲ್ಲಿಂದ ಶುರು ಮಾಡಿ."

"ನಿನ್ನ ಹತ್ರ ಹುಂಜ ಇಲ್ವಲ್ಲೋ," ಎಂದಳು ಕಲುಂದೆ, ಮೂಗು ಒರೆಸಿಕೊಳ್ಳುತ್ತಾ.

"ತರ್ತೀನಿ."

"ಒಂದಲ್ಲ, ಎರಡು. ಅಳಿಸಿದ್ದಕ್ಕೆ ಇನ್ನೊಂದು."

ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು. ಅವನ ಕೈಯಿಂದ ಕೋಟು ಇಸಿದುಕೊಂಡು ತೊಟ್ಟಳು, ಮಂಚದ ಮೇಲೆ ಮತ್ತೆ ಉದ್ದಕ್ಕೆ ಮಲಗಿದಳು, ಕೈಗಳನ್ನು ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಅಂಗಳವೆಲ್ಲ ಕಾಯುತ್ತಿತ್ತು. ಅವಳು ಥೇಟ್ ಸೂದಿಯ ದನಿಯಲ್ಲಿ, ಅದೇ ತಡವರಿಕೆಯಲ್ಲಿ, ಬೆಂಚಿನ ತುದಿಯಲ್ಲಿ ನಿಂತವನ ಸಂಕೋಚದಲ್ಲಿ ಹೇಳಿದಳು:

"ಕಿಬ್ವಾನ, ತೊಂದ್ರೆ ಇಲ್ದಿದ್ರೆ... ನನಗೂ ಒಂದು ಕಾಫಿ ಕೊಡ್ತೀಯೇನಪ್ಪಾ? ಮೂರು ವಾರದಿಂದ ನಿಂತಿದೀನಿ."

ಅಂಗಳ ನಕ್ಕಿತು. ಬುರುಹಾನಿಯೂ ತನ್ನ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕ. ನಾನು ಹೂಜಿ ತರಲು ಬೆಂಚಿನ ಕಡೆಗೆ ಓಡಿದೆ.